ದೇವರ ಪಾಲಿನ ಹಿಡಿ

"ಇಷ್ಟೇನಾ?" ಪಾರ್ ತಿಯಾಲ್ ಮಡಕೆಯೊಳಗೆ ಕೈ ಹಾಕಿ ತಳ ತಡವಿದಳು. ಚರ್ಚಿನ ಹಿರಿಯರೊಬ್ಬರ ಹೆಂಡತಿ ಅವಳು. ಶನಿವಾರ ಬಂತೆಂದರೆ ಬೀದಿಯ ಮನೆಮನೆಗೆ ಹೋಗಿ ದೇವರ ಅಕ್ಕಿ ಎತ್ತಿಕೊಂಡು ಬರುವುದು ಅವಳ ಹೊಣೆ. ಅನ್ನಕ್ಕೆ ಇಡುವಾಗಲೆಲ್ಲ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಮಡಕೆಗೆ ಹಾಕಿ, ಕಣ್ಣು ಮುಚ್ಚಿ ಎರಡು ಮಾತು ಪ್ರಾರ್ಥಿಸುವುದು ಬರ್ಮಾದ ಚಿನ್ ಗುಡ್ಡಗಾಡಿನ ಹೆಂಗಸರಿಗೆ ಅಜ್ಜಿಯರ ಕಾಲದಿಂದ ಬಂದ ನೇಮ. ದಿನದಿನದ ಈ ಹಿಡಿಯಿಂದಲೇ ಆತ್ಮಕ್ಕೆ ಬಲ ಎಂದು ಪಾರ್ ತಿಯಾಲ್ ಊರಿಗೆಲ್ಲ ಹೇಳುತ್ತಿದ್ದಳು. ಅವಳ ಮನೆಯಲ್ಲಿ ಮಾತ್ರ ಆತ್ಮಕ್ಕೆ ಬಲ ಬರುತ್ತಿದ್ದದ್ದು ವಾರಕ್ಕೊಂದೇ ಸಲ. ಶನಿವಾರ ಬೆಳಿಗ್ಗೆ ಮೂಟೆಯಿಂದ ಒಟ್ಟಿಗೆ ಸುರಿದು ಮಡಕೆ ತುಂಬಿಸಿಬಿಡುತ್ತಿದ್ದಳು.

ಮಡಕೆಯ ಒಡತಿ ಸುಯ್ ದಾರ್ ಒಲೆಯ ಬಳಿ ಕೂತಿದ್ದಳು. ಗಂಡ ತೀರಿಕೊಂಡ ಮೇಲೆ ಶಾಲು ನೇಯ್ದು ಬದುಕುತ್ತಿದ್ದ ಹೆಂಗಸು. ಕೆಳಗಿನ ರಸ್ತೆ ಮುಚ್ಚಿದ ಮೇಲೆ ಶಾಲು ಕೊಳ್ಳುವವರು ಬರುವುದೇ ನಿಂತಿತ್ತು. ಚರ್ಚಿನಲ್ಲಿ ಹೆಂಗಸರ ಬೆಳಗಿನ ಪ್ರಾರ್ಥನೆ ನಡೆಸುವವಳು ಅವಳೇ. ಚಳಿ ಇರಲಿ, ಮಂಜಿರಲಿ, ಕೋಳಿ ಕೂಗುವ ಮುಂಚೆ ಹೋಗಿ ಬಾಗಿಲು ತೆರೆಯುತ್ತಿದ್ದಳು. ತನ್ನದು ಅಂತ ಅವಳಿಗೆ ಉಳಿದಿದ್ದುದು ಅದೊಂದೇ.

"ನಾನೂ ನೋಡ್ತಾನೇ ಇದೀನಿ ಅಕ್ಕ, ಅರ್ಧಕ್ಕರ್ಧ ಇಳಿದಿದೆ," ಅಂದಳು ಪಾರ್ ತಿಯಾಲ್. "ಅಕ್ಕಿ ದೊಡ್ಡದಲ್ಲ, ನಂಬಿಕೆ ದೊಡ್ಡದು. ಮುಂದೆ ನಿಂತು ಪ್ರಾರ್ಥನೆ ಮಾಡಿಸೋರೇ ನೇಮ ಬಿಟ್ರೆ, ಹಿಂದೆ ಕೂತೋರು ಏನು ಕಲೀತಾರೆ?"

"ನೇಮ ಬಿಟ್ಟಿಲ್ಲ."

"ಬಿಟ್ಟಿಲ್ಲ ಅಂದ್ರೆ ಅಕ್ಕಿ ಎಲ್ಲಿಗೆ ಹೋಯ್ತು? ಇಲಿ ತಿಂತಾ?"

ಚೀಲ ಹಿಡಿದುಕೊಂಡು ಬಂದಿದ್ದ ನಿ ಝಿಂಗ್ ಕಿಸಕ್ಕನೆ ನಕ್ಕಳು. ಹಿರಿಯರ ಹೆಂಡತಿ ಮಾತಾಡಿದಾಗ ನಗುವುದು ಅವಳ ಪಾಲಿನ ದೇವರ ಸೇವೆ.

"ಪಾಸ್ಟರ್ ಹತ್ರ ಮಾತಾಡ್ತೀನಿ," ಪಾರ್ ತಿಯಾಲ್ ದನಿಗೆ ಜೇನು ಸವರಿಕೊಂಡಳು. "ಸ್ವಲ್ಪ ದಿನ ಬೇರೆಯವರು ಪ್ರಾರ್ಥನೆ ನಡೆಸಲಿ. ನೀವು ಮನೇಲಿ ಕೂತು ಆತ್ಮ ಗಟ್ಟಿ ಮಾಡ್ಕೊಳ್ಳಿ." ಆ ಬೇರೆಯವರು ಯಾರು ಎಂದು ಕೇಳಬೇಕಾಗಿರಲಿಲ್ಲ. ನಿ ಝಿಂಗ್ ಆಗಲೇ ಶಾಲು ಸರಿಮಾಡಿಕೊಂಡು ಕೆಮ್ಮಿ ಗಂಟಲು ಹದಮಾಡಿಕೊಳ್ಳುತ್ತಿದ್ದಳು.

ಸುಯ್ ದಾರ್ ಎದ್ದು ನಿಂತಳು. "ಅನ್ನಕ್ಕೆ ಇಟ್ಟಾಗೆಲ್ಲ ಒಂದು ಹಿಡಿ. ಅದೇ ತಾನೆ ನೇಮ?"

"ಹೂಂ, ಅದೇ."

"ಎರಡು ಹೊತ್ತು ಇಡ್ತಿದ್ದೆ, ಎರಡು ಹಿಡಿ ಹಾಕ್ತಿದ್ದೆ. ಈಗ ಇಡೋದು ಒಂದೇ ಹೊತ್ತು."

ಅರ್ಥವಾಗದ ಮಾತೇನಲ್ಲ ಅದು. ಒಲೆಯ ಪಕ್ಕ ಮಲಗಿದ್ದ ಬೆಕ್ಕಿಗೂ ಗೊತ್ತಿದ್ದ ಸಂಗತಿ. ಪಾರ್ ತಿಯಾಲಳಿಗೂ ಅರ್ಥವಾಯಿತು. ಆದರೆ ಅರ್ಥವಾಯಿತು ಎಂದು ಒಪ್ಪಿಕೊಂಡರೆ ಚೀಲದ ಬಾಯಿ ಬಿಚ್ಚಿ ಎರಡು ಸೇರು ಅಳೆದು ಕೊಡಬೇಕಾಗುತ್ತದೆ, ಆ ಅಕ್ಕಿಯೋ ಚರ್ಚಿನ ಹೊಸ ಗಂಟೆಗೋಪುರಕ್ಕೆ ಮೀಸಲು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಒಂದು ಗಳಿಗೆ ಯೋಚಿಸಿದಳು, ಮುಖ ಅರಳಿತು.

"ಅಯ್ಯೋ ಅಕ್ಕ, ಉಪವಾಸ ಹಿಡಿದಿದೀರಾ? ಮೊದಲೇ ಒಂದು ಮಾತು ಹೇಳಬಾರದಿತ್ತಾ."

ಸುಯ್ ದಾರ್ ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ತಲೆ ಬಗ್ಗಿಸಿ ಪ್ರಾರ್ಥನೆಗೆ ನಿಂತಾಗಿತ್ತು. ಪ್ರಾರ್ಥನೆಯ ನಡುವೆ ಬಾಯಿ ಹಾಕುವವರು ಆ ಊರಿನಲ್ಲಿ ಇನ್ನೂ ಹುಟ್ಟಿಲ್ಲ. ಇಂಥ ಸಹೋದರಿಯನ್ನು ಕೊಟ್ಟದ್ದಕ್ಕಾಗಿ ಪಾರ್ ತಿಯಾಲ್ ದೇವರಿಗೆ ಉದ್ದಕ್ಕೂ ವಂದಿಸಿದಳು. ಆಮೆನ್ ಆದ ಮೇಲೆ ಮಡಕೆಯನ್ನು ಚೀಲಕ್ಕೆ ಬಗ್ಗಿಸಿ, ಒಂದು ಕಾಳೂ ಉಳಿಯದಂತೆ ತಳ ತಟ್ಟಿಕೊಂಡು ಹೊರಟರು.

ಮರುದಿನ ಭಾನುವಾರ. ಪಾಸ್ಟರ್ ಪೀಠದ ಮೇಲಿಂದ ಸುಯ್ ದಾರಳ ಹೆಸರು ಹೇಳಿದರು. ಸಂಜೆಯ ಊಟ ಬಿಟ್ಟು ಬರೀ ಪ್ರಾರ್ಥನೆಯಿಂದ ಆತ್ಮವನ್ನು ಸಾಕುತ್ತಿರುವ ತಾಯಿ, ಬೆಳಗಿನ ಪ್ರಾರ್ಥನೆಗೆ ಇವರಿಗಿಂತ ತಕ್ಕವರು ಯಾರಿದ್ದಾರೆ, ಎದ್ದು ನಿಲ್ಲಮ್ಮ ಎಂದರು. ಅಲ್ಲ ಎಂದರೆ ಆ ಜಾಗ ಹೋಗುತ್ತಿತ್ತು. ಹೌದು ಎನ್ನಲು ನಾಲಿಗೆ ಏಳಲಿಲ್ಲ. ಅವಳು ಎದ್ದು ಸುಮ್ಮನೆ ನಿಂತಳು. ಸಭೆ ಅದನ್ನು ವಿನಯ ಎಂದುಕೊಂಡಿತು. ಹೊಟ್ಟೆ ತುಂಬಿದ ಸಭೆಗೆ ಬೇರೆಯವರ ಹಸಿವು ಬಲು ಚೆಂದ ಕಾಣುತ್ತದೆ.

ಪಕ್ಕದ ಮನೆಯ ದೋತ್ ಚಿನ್ ಎಷ್ಟೋ ಸಂಜೆ ತಾನಾಗಿಯೇ ಕೂಗಿ ಕರೆದು ಒಂದು ಬಟ್ಟಲು ಮೆಕ್ಕೆಜೋಳದ ಗಂಜಿ ಕೊಡುತ್ತಿದ್ದಳು. ಆ ಸಂಜೆ ಕರೆಯಲಿಲ್ಲ. ಕತ್ತಲಾಗುವ ತನಕ ಕಾದು, ನಾಚಿಕೆ ಬದಿಗಿಟ್ಟು, ಸುಯ್ ದಾರ್ ತಾನೇ ಹೋಗಿ ಹೊಸಿಲ ಬಳಿ ಕೂತಳು.

"ಉಪವಾಸ ಗಿಪವಾಸ ಏನೂ ಇಲ್ಲ ಕಣೇ," ಅಂದಳು ಮೆಲ್ಲಗೆ. "ಅಕ್ಕಿ ಸಾಲ್ತಿಲ್ಲ. ಹಸಿವಾಗಿದೆ."

ದೋತ್ ಚಿನ್‌ಳ ಕಣ್ಣು ತುಂಬಿ ಬಂತು. "ಗೊತ್ತು ಬಿಡಿ ಅಕ್ಕ. ಉಪವಾಸ ಮಾಡೋರು ಅದನ್ನ ಹೇಳ್ಕೋಬಾರದು ಅಂತ ಬೈಬಲ್‌ನಲ್ಲಿ ಸ್ವಾಮಿನೇ ಹೇಳಿದಾನಲ್ಲ. ನಿಮ್ಮ ಉಪವಾಸ ಕೆಡಿಸಿದ ಪಾಪ ನನಗೆ ಬೇಡ," ಎಂದು ಗಂಜಿಯ ಪಾತ್ರೆಗೆ ಮುಚ್ಚಳ ಹಾಕಿ, ವಾಸನೆ ಕೂಡ ಸುಯ್ ದಾರಳಿಗೆ ತಾಗದಂತೆ ಒಳಮನೆಗೆ ಎತ್ತಿಕೊಂಡು ಹೋದಳು.