ಏಳನೆಯ ಹೆಸರು

ಶಶಿಧರ ಐದನೇ ಸಲ ಎಣಿಸಿದ. ತಾನೂ ಸೇರಿ ಐದೇ ಜನ. ಎಣಿಸಿದಷ್ಟಕ್ಕೆ ಆಟಗಾರರು ಮರಿ ಹಾಕುವುದಿಲ್ಲವೆಂದು ಅವನಿಗೂ ಗೊತ್ತಿತ್ತು. ಆದರೆ ಮಲಪ್ರಭೆಯ ಕಡೆಯಿಂದ ಎದ್ದ ಮಂಜು ಖಾನಾಪುರದ ಆ ಮೈದಾನವನ್ನು ಎಷ್ಟು ದಟ್ಟವಾಗಿ ತುಂಬಿಕೊಂಡಿತ್ತೆಂದರೆ, ಅದರೊಳಗೆ ಇನ್ನೂ ಇಬ್ಬರು ಎಲ್ಲಾದರೂ ನಿಂತಿರಬಹುದು ಎಂದು ಆಸೆಯಾಗುತ್ತಿತ್ತು.

ಏಳು ಜನವಾದರೂ ಇಲ್ಲದಿದ್ದರೆ ಆಟ ಶುರುವಾಗುವುದಿಲ್ಲ, ಅದು ಫುಟ್‌ಬಾಲಿನ ಕಾಯಿದೆ. ಬೆಳಗಾವಿಯ ಕ್ಯಾಂಪ್ ಬಡಾವಣೆಯ ತಂಡ ಪ್ರತಿ ಡಿಸೆಂಬರಿನಲ್ಲಿ ಇಲ್ಲಿಗೆ ಬಂದು ಆಡಿಹೋಗುವುದು ಇಪ್ಪತ್ತಾರು ವರ್ಷದ ರೂಢಿ. ಖಾನಾಪುರದ ಕ್ಲಬ್ಬಿಗೆ ಉಳಿದಿದ್ದ ಆಟ ಅದೊಂದೇ. ಅವರ ನಾಯಕ ರೋಹನ ಫೋನಿನಲ್ಲಿ ಮೊದಲೇ ಹೇಳಿದ್ದ: ಹೋದ ವರ್ಷ ಬಂದು ಆಡದೆ ತಿರುಗಿ ಹೋದೆವು, ಈ ಸಲವೂ ನಿಮ್ಮ ಮಂದಿ ಕೂಡದಿದ್ದರೆ ಮುಂದಿನ ವರ್ಷದಿಂದ ಲೋಂಡಾಕ್ಕೆ ಹೋಗುತ್ತೇವೆ. ಹೇಳಿದ್ದು ಸೌಮ್ಯವಾಗಿಯೇ, ಅದಕ್ಕೇ ಶಶಿಧರನಿಗೆ ಹೆಚ್ಚು ನೋವಾಗಿತ್ತು.

ಕ್ಲಬ್ಬಿನ ವಾಟ್ಸಾಪ್ ಗ್ರೂಪಿನಲ್ಲಿ ಇಪ್ಪತ್ತೊಂದು ಜನರಿದ್ದರು. ನಾಳೆ ಏಳಕ್ಕೆ ಮ್ಯಾಚ್ ಎಂದು ಹಾಕಿದರೆ ಹೆಬ್ಬೆರಳು ಎತ್ತಿ ತೋರಿಸಲು ಯಾರೂ ಹಿಂದೆ ಬೀಳುತ್ತಿರಲಿಲ್ಲ, ಕಾಲು ಎತ್ತುವವರು ಮಾತ್ರ ಇರಲಿಲ್ಲ. ಇಪ್ಪತ್ತೆರಡನೆಯವನು ಗಜಾನನ. ಎರಡು ವರ್ಷದ ಹಿಂದೆ ನಂದಗಡದಲ್ಲಿ ಪೆನಾಲ್ಟಿಯನ್ನು ಹೊರಗೆ ಹೊಡೆದನೆಂದು ನಾಯಕನಾದ ಶಶಿಧರ ಸಿಟ್ಟಿನ ಭರದಲ್ಲಿ ಅವನನ್ನು ಗ್ರೂಪಿನಿಂದ ತೆಗೆದುಹಾಕಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಮಾತನ್ನೂ ಆಡಿರಲಿಲ್ಲ, ಬೆರಳಿನಿಂದ ಒಮ್ಮೆ ಒತ್ತಿದ್ದಷ್ಟೆ. ಅಂದಿನಿಂದ ಮೈದಾನಕ್ಕೆ ಬರುವವರೂ ಒಬ್ಬೊಬ್ಬರಾಗಿ ಕಡಿಮೆಯಾದರು.

ಮಂಜಿನಾಚೆ ಕ್ಯಾಂಪಿನವರ ಗಾಡಿ ನಿಂತಿತು. ಹನ್ನೊಂದು ಜೋಡಿ ಬೂಟುಗಳು ಇಳಿದ ಸದ್ದು. ಶಶಿಧರ ಕೈಚೆಲ್ಲಿ ನಿಂತಾಗ ಗೋಲ್‌ಕೀಪರ್ ಅತಿಶಯ ಅವನ ಕಿವಿಯ ಹತ್ತಿರ ಬಂದ.

“ಮಂಜಿನ್ಯಾಗ ಅವರಿಗೆ ನಾವು ಕಾಣಂಗಿಲ್ಲ. ಬರಲಾರದವರ ಹೆಸರ ಹಿಡದು ಒದರಕೋತ ಆಡು. ಎಲ್ಲಾರೂ ಅದಾರ ಅಂತ ತಿಳ್ಕೋತಾರ.”

ಸುಳ್ಳು ಹೇಳುವುದು ಶಶಿಧರನಿಗೆ ಬಾರದ ವಿದ್ಯೆ. ರೆಫರಿಯಾಗಿ ಬಂದಿದ್ದವರು ಕ್ಯಾಂಪಿನ ಹಳೆಯ ಡ್ರಿಲ್ ಮಾಸ್ತರರು. ತಮ್ಮ ಕೈಯ ಸೀಟಿಯೇ ತಮಗೆ ಸರಿಯಾಗಿ ಕಾಣದ ಆ ಬೆಳಗಿನಲ್ಲಿ ಅವರು ಎಲ್ಲರೂ ಬಂದಿದ್ದೀರಾ ಎಂದು ಕೇಳಿದಾಗ, “ಅದೀವ್ರಿ ಸರ್,” ಎಂದಷ್ಟೇ ಹೇಳಿ, ಎಷ್ಟು ಜನ ಎಂಬುದನ್ನು ನುಂಗಿಕೊಂಡ.

ಆಟ ಶುರುವಾಯಿತು. ಶಿವಲಿಂಗ, ಬಲಕ್ಕ. ಬಸವಪ್ರಸಾದ, ಹಿಂದ ಬಾ. ಉತ್ತಮ, ನಿಂದು ಬಾಲ್. ಬಾರದವರ ಹೆಸರುಗಳನ್ನು ಶಶಿಧರ ಒದರುತ್ತಲೇ ಓಡಿದ. ಹೆಸರುಗಳು ಮಂಜನ್ನು ದಾಟಿ, ಮೈದಾನದ ಸುತ್ತಲಿನ ಮನೆಗಳ ಕಡೆ ಹೋದವು. ಚೆಂಡು ಹಾಲಿಗೆ ಹಾಕಿದ ಬೆಲ್ಲದ ಹಾಗೆ ಕರಗಿಹೋಗಿ, ಮತ್ತೆಲ್ಲೋ ಮೂಡುತ್ತಿತ್ತು. “ಎಷ್ಟ ಮಂದಿ ಅದಾರಲೇ ಇವರು,” ಎಂದು ರೋಹನನ ದನಿ ಎಲ್ಲಿಂದಲೋ ಬಂತು. ಮೊದಮೊದಲು ನಾಟಕವೆನಿಸಿದ್ದು ಬರಬರುತ್ತ ಶಶಿಧರನಿಗೆ ಹಾಗೆನಿಸಲಿಲ್ಲ. ಕೂಗಿದ ಕಡೆ ಅವರವರು ನಿಜಕ್ಕೂ ಓಡುತ್ತಿದ್ದಾರೆ, ಅವರ ಏದುಸಿರು ಕೇಳುತ್ತಿದೆ ಎನಿಸಿತು. ಹತ್ತು ವರ್ಷದ ಹಿಂದಿನ ಒಂದು ಬೆಳಗು ಇಲ್ಲೇ ಹಾಗೇ ಉಳಿದಿತ್ತೇನೋ, ತಾನೇ ಅದಕ್ಕೆ ತಡವಾಗಿ ಬಂದೆನೇನೋ ಅನಿಸಿ ಇನ್ನೂ ಜೋರಾಗಿ ಒದರಿದ. ಎಲ್ಲರನ್ನೂ ಕರೆದ. ಎಡಬದಿಗೆ ಮಾತ್ರ ಯಾರನ್ನೂ ಕರೆಯಲಿಲ್ಲ. ಅದು ಗಜಾನನನ ಜಾಗ.

ಬಲಕ್ಕೆ, ಯಾರೂ ಇಲ್ಲದ ಕಡೆ, ಚೆಂಡನ್ನು ಒದ್ದ. ಅದು ತಿರುಗಿ ಬಂತು.

ನೆಟ್ಟಗೆ ಅವನ ಪಾದಕ್ಕೇ ಬಂತು. ಅದರ ಹಿಂದೆಯೇ ಪಾಯಿಜಾಮವನ್ನು ಮೊಣಕಾಲ ತನಕ ಮಡಚಿಕೊಂಡ ಶಿವಲಿಂಗ ಮಂಜಿನಿಂದ ಹೊರಬಿದ್ದ. ಹಾಲು ತರುತ್ತೇನೆಂದು ಮನೆಯಿಂದ ಹೊರಟವನು, ಕೊಂಡ ಹಾಲಿನ ಪಾಕೀಟನ್ನು ಗೋಲಿನ ಕಂಬದ ಹತ್ತಿರ ಇಟ್ಟು ಬಂದಿದ್ದನಂತೆ.

“ಮೆಸೇಜ್ ಬಂದ್ರ ಎಲ್ಲಾರಿಗೂ ಬಂದದ ಬಿಡು ಅಂತೀವಿ. ಹೆಸರ ಹಿಡದು ಕರದ್ರ ಮನ್ಯಾಗ ಹೆಂಗ ಕುಂದರೋದು?” ಎಂದು ಗೊಣಗಿ, ಉತ್ತರಕ್ಕೆ ಕಾಯದೆ ಓಡಿದ.

ಎಂಟರ ಹೊತ್ತಿಗೆ ಬಿಸಿಲು ಬಿದ್ದು ಮಂಜು ಹರಿಯತೊಡಗಿತು. ಮಾಸ್ತರರು ಆಟ ನಿಲ್ಲಿಸಿ, ಬೆರಳು ಮಾಡಿ ಖಾನಾಪುರದವರನ್ನು ಎಣಿಸಿದರು. ಆರು. ಮತ್ತೊಮ್ಮೆ ಎಣಿಸಿದರು. ರೋಹನ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತ. ಏಳನೆಯವನು ಎಲ್ಲಿ ಎಂದು ಮಾಸ್ತರರು ಕೇಳಿದಾಗ ಶಶಿಧರ ನಾಚಿಕೆಯಿಂದ ತಲೆ ತಗ್ಗಿಸಿದ. ತಗ್ಗಿಸಿದ ಕಣ್ಣಿಗೆ ಎಡಗಡೆಯ ಸುಣ್ಣದ ಗೆರೆ ಕಂಡಿತು. ಗೆರೆಯಾಚೆ ಒಂದು ಜೋಡಿ ಬೂಟು.

ಗಜಾನನ. ಬೂಟಿನ ದಾರ ಬಿಗಿಯಾಗಿ ಕಟ್ಟಿತ್ತು, ತಲೆಗೂದಲೆಲ್ಲ ಇಬ್ಬನಿಗೆ ತೊಯ್ದಿತ್ತು. ಆಟ ಶುರುವಾದಾಗಿನಿಂದ ಅಲ್ಲೇ ನಿಂತು ಒಂದೊಂದು ಹೆಸರನ್ನೂ ಕೇಳಿಸಿಕೊಂಡಿದ್ದ, ತನ್ನದೊಂದನ್ನು ಬಿಟ್ಟು.

ಶಶಿಧರ ಗೆರೆಯ ತನಕ ನಡೆದುಹೋದ. ಆ ಹೆಸರನ್ನು ಆಡಿ ಎರಡು ವರ್ಷವಾಗಿತ್ತು. “ಗಜ್ಯಾ,” ಎಂದ, ಇಬ್ಬರ ನಡುವೆಯೇ ಉಳಿಯುವಷ್ಟು ಮೆಲ್ಲಗೆ.

“ಕೇಳಸಲಿಲ್ಲ,” ಎಂದ ಗಜಾನನ. “ಮಂಜಿನ್ಯಾಗ ಇಲ್ಲದವರನ್ನ ಹೆಂಗ ಒದರಿದಿ, ಹಂಗ ಒದರು.”

ಹಾಗೆಂದವನ ಎಡಗಾಲು ಆಗಲೇ ಗೆರೆಯ ಒಳಗಿತ್ತು.