ಕೇಕಕ್ಕನ ವರ್ಗಾವಣೆ

"ನಿಮ್ಮ ಯಜಮಾನ್ರು ಬೇಡ್ಕೊಂಡು ಈ ಊರಿಗೆ ಹಾಕಿಸ್ಕೊಂಡ್ರಂತಲ್ಲ?" ಕೆಳಮನೆಯಾಕೆ ತರಕಾರಿ ಚೀಲವನ್ನು ಮೆಟ್ಟಿಲ ಮೇಲಿಳಿಸಿ ಕೇಳಿದಳು. ಆಕೆಯ ಗಂಡನೂ ಕೇಕಕ್ಕನ ಗಂಡನಿದ್ದ ಬ್ಯಾಂಕಿನಲ್ಲೇ ಕೆಲಸಕ್ಕಿದ್ದ. ಇಲ್ಲಿಂದ ತಪ್ಪಿಸಿಕೊಳ್ಳಲು ಜನ ಯಾರ್ಯಾರದೋ ಕೈಕಾಲು ಹಿಡಿಯುತ್ತಾರೆ, ನಿಮ್ಮವರು ತಾವಾಗಿಯೇ ಬಂದು ಬಿದ್ದರಲ್ಲ ಎಂದು ನಕ್ಕಳು.

ಕೇಕಕ್ಕ ನಗಲಿಲ್ಲ. ಮೇಲೆ ಬಂದು ಬೀಗ ತೆಗೆದಳು. ಬಲವಂತದ ವರ್ಗ, ಏನು ಮಾಡಿದರೂ ತಪ್ಪಲಿಲ್ಲ ಎಂದಿದ್ದ ಗಂಡ. ಪಾಪ ಎಂದುಕೊಂಡು ಆಗ ಇವಳೇ ಅವನನ್ನು ಸಮಾಧಾನ ಮಾಡಿದ್ದಳು.

ಕೇಕಕ್ಕ ಎಂಬುದು ಹುಟ್ಟಿದೂರಿನವರು ಪ್ರೀತಿಯಿಂದ ಇಟ್ಟ ಹೆಸರು. ಅಲ್ಲಿ ತವರುಮನೆಯ ಮುಂಗೋಣೆಯೇ ಅವಳ ಅಂಗಡಿ. ಮದುವೆಯಿರಲಿ, ಮಗುವಿನ ಹುಟ್ಟುಹಬ್ಬವಿರಲಿ, ಅವಳ ಕೈಯ ಕೇಕೇ ಆಗಬೇಕು. ತಂಗಿ ಡಬ್ಬಿಗೆ ತುಂಬುತ್ತಿದ್ದಳು, ಅಮ್ಮ ಬಂದವರನ್ನು ಮಾತಾಡಿಸುತ್ತಿದ್ದಳು. ಈ ಊರಿನಲ್ಲಿ ಅವಳು ನಾಲ್ಕನೇ ಮಹಡಿಗೆ ಹೊಸದಾಗಿ ಬಂದ ಹೆಂಗಸು, ಅಷ್ಟೇ. ಬಾಗಿಲಿಗೆ ಬೋರ್ಡು ತೂಗುಹಾಕಿದಳು. ಲಿಫ್ಟಿನಿಂದ ಇಳಿದವರು ಅದನ್ನು ಓದಿ, ತಮ್ಮ ಮನೆ ಹೊಕ್ಕು ಬಾಗಿಲು ಹಾಕಿಕೊಂಡರು. ಎದುರುಮನೆಗೆ ತಟ್ಟೆ ತುಂಬ ಕೇಕು ಕೊಟ್ಟು ಬಂದಳು. ತಟ್ಟೆ ತೊಳೆದು ವಾಪಸು ಬಂತು, ಜೊತೆಗೊಂದು ಮಾತೂ ಬರಲಿಲ್ಲ.

ಹೊರಡುವಾಗ ದೊಡ್ಡ ಓವನ್ನಿನ ವಿಷಯಕ್ಕೆ ಮನೆಯಲ್ಲಿ ಜಟಾಪಟಿಯೇ ಆಗಿತ್ತು. ಲಾರಿಯಲ್ಲಿ ಜಾಗವಿದೆ, ಹೇರಿಕೊಂಡೇ ಹೋಗೋಣ ಎಂದು ಗಂಡನ ಹಟ. ಮತ್ತೆ ಇಲ್ಲಿಗೇ ಬರುವವಳು ತಾನೆ, ಅದನ್ನೇಕೆ ಕದಲಿಸುತ್ತೀರಿ ಎಂದು ಅಮ್ಮ. ಕೊನೆಗೆ ಅಮ್ಮನ ಮಾತೇ ನಡೆಯಿತು. ಇಲ್ಲಿಗೆ ಬಂದ ಮೇಲೂ ಮಹಾಶಯ ಸುಮ್ಮನಿರಲಿಲ್ಲ. ಆ ಬೀದಿಯಲ್ಲೊಂದು ಮಳಿಗೆ ಖಾಲಿಯಿದೆ, ಈ ಬೀದಿಯಲ್ಲೊಂದು ಇದೆ, ಹೊಸದಾಗಿ ಶುರು ಮಾಡು ಎಂದು ಬೆನ್ನು ಬಿದ್ದಿದ್ದ. ತನ್ನನ್ನು ಇಲ್ಲೇ ಕಟ್ಟಿಹಾಕುವ ಹುನ್ನಾರ ಅದೆಂದು ಅವಳಿಗೀಗ ಹೊಳೆಯಿತು.

ದಿನದ ಒಂದೇ ಸಮಾಧಾನವೆಂದರೆ ಮಧ್ಯಾಹ್ನ ಬರುವ ತಂಗಿಯ ಫೋನು. ಬಿಸಿಲಿಗೆ ಕ್ರೀಮು ಇಳಿಯದ ಹಾಗೆ ಏನು ಮಾಡುತ್ತಿದ್ದೆ, ಮೂರಂತಸ್ತಿನ ಕೇಕು ವಾಲದ ಹಾಗೆ ಹೇಗೆ ನಿಲ್ಲಿಸುತ್ತಿದ್ದೆ ಎಂದು ಕೆದಕಿ ಕೆದಕಿ ಕೇಳುವಳು. ಅಕ್ಕನಿಲ್ಲದ ಮನೆಯಲ್ಲಿ ಹುಡುಗಿಗೆ ಹಳೆಯ ದಿನಗಳದ್ದೇ ಹಂಬಲ! ಕೇಕಕ್ಕ ಒಂದೂ ಬಿಡದೆ ಹೇಳುವಳು. ಹೇಳುವಷ್ಟು ಹೊತ್ತಾದರೂ ತಾನು ಅಲ್ಲೇ ಇದ್ದಂತಿರುತ್ತಿತ್ತು. ಇಲ್ಲಿನ ಪುಟ್ಟ ಓವನ್ನಿನಲ್ಲಿ ಕೇಕು ನಡುವೆ ಕುಸಿಯುತ್ತದೆಂದು ಗೋಳಾಡಿದಾಗ, ಕೆಳಗಿನ ಕಂಬಿಯ ಮೇಲಿಡು, ಪೂರ್ತಿ ಉಬ್ಬುವ ತನಕ ಬಾಗಿಲು ತೆಗೆಯಬೇಡ ಎಂದು ತಂಗಿಯೇ ಉಪಾಯ ಹೇಳಿಕೊಟ್ಟಿದ್ದಳು. ಡಬ್ಬಿ ತುಂಬುತ್ತಿದ್ದವಳು ಬರೀ ನೋಡಿಯೇ ಇಷ್ಟು ಕಲಿತಳಲ್ಲ ಎಂದು ಅಕ್ಕ ಹಿಗ್ಗಿದ್ದಳು.

ಗಂಡನಿಗೂ ಫೋನು ಬರುತ್ತಿತ್ತು. ಬಂದೊಡನೆ ಎದ್ದು ಹೊರಗೆ ಹೋಗುತ್ತಿದ್ದ. ಒಮ್ಮೆ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ಅವಳಿಗೆ ಏನೂ ಗೊತ್ತಿಲ್ಲ. ನೀವು ಹೆದರ್ಬೇಡಿ."

ಆ ಕಡೆಯ ದನಿ ಹೆಣ್ಣಿನದು, ಅಳುತ್ತಿದೆ ಎಂಬುದಷ್ಟೇ ತಿಳಿದಿತ್ತು. ಬ್ಯಾಂಕಿನವರು ಯಾರೋ ಇರಬೇಕೆಂದು ಅಂದು ಸುಮ್ಮನಾಗಿದ್ದಳು. ಇಂದು ಎಲ್ಲವೂ ಒಂದಕ್ಕೊಂದು ತಾಳೆಯಾಯಿತು. ಬೇಡಿಕೊಂಡು ಹಾಕಿಸಿಕೊಂಡ ಊರು, ಕದ್ದು ಆಡುವ ಮಾತು, ಅಳುವ ಹೆಂಗಸು. ಇವನಿಗಾಗಿ ತಾನು ಅಂಗಡಿ ಬಿಟ್ಟೆ, ಊರು ಬಿಟ್ಟೆ, ಹೆತ್ತವಳನ್ನು ಬಿಟ್ಟೆ. ಇವನು ಮಾಡಿದ್ದು ಇಂಥ ನಂಬಿಕೆದ್ರೋಹ!

ಪೆಟ್ಟಿಗೆ ತುಂಬಿದಳು. ತಂಗಿಗೆ ಫೋನು ಮಾಡಿ, ನಾಳೆ ಬರುತ್ತಿದ್ದೇನೆ, ಅಂಗಡಿ ಗುಡಿಸಿಡು, ಇನ್ನು ಈ ಊರ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದಳು.

"ಈಗಲೇ ಬೇಡ ಅಕ್ಕ," ಎಂದಳು ತಂಗಿ. "ಭಾವ ಒಳ್ಳೆಯವ್ರು. ಸ್ವಲ್ಪ ಹೊಂದ್ಕೊಂಡು ಹೋಗು. ಅಮ್ಮನಿಗೆ ಸುಮ್ನೆ ಗಾಬರಿ ಆಗುತ್ತೆ."

ಇಷ್ಟಾದರೂ ಭಾವನನ್ನು ಬಿಟ್ಟುಕೊಡುವುದಿಲ್ಲವಲ್ಲ, ಎಂಥ ಚಿನ್ನದಂಥ ಹುಡುಗಿ ಎಂದು ಕೇಕಕ್ಕನ ಕಣ್ಣು ತುಂಬಿ ಬಂತು. ಅಮ್ಮನನ್ನು ತಾನೇ ಸಂತೈಸಿದರಾಯಿತು ಎಂದುಕೊಂಡಳು.

ಸಂಜೆ ಗಂಡ ಬಂದ. ಪೆಟ್ಟಿಗೆ ನೋಡಿ ನಿಂತಲ್ಲೇ ನಿಂತ. ವರ್ಗ ಕೇಳಿಕೊಂಡದ್ದು ಹೌದೋ ಅಲ್ಲವೋ ಎಂದದ್ದಕ್ಕೆ ಹೌದೆಂದ. ಅವಳು ಬಾಯಿಗೆ ಬಂದಂತೆ ಬೈದಳು. ತನ್ನ ಬಾಳನ್ನೇ ಮಣ್ಣುಪಾಲು ಮಾಡಿದಿರಿ ಎಂದಳು. ತಲೆ ತಗ್ಗಿಸಿಕೊಂಡು ಅಷ್ಟನ್ನೂ ಕೇಳಿದ. ಯಾರವಳು ಎಂದಾಗ ಮಾತ್ರ ಏನೂ ಅರ್ಥವಾಗದವನಂತೆ ಮುಖವೆತ್ತಿ ನೋಡಿದ. ಆ ನಾಟಕ ಸಾಕೆಂದು ಅವಳು ಪೆಟ್ಟಿಗೆ ಎತ್ತಿಕೊಂಡಳು.

ಅವನು ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೆ ಬೇಕಾದ್ರೂ ಹೋಗು. ನಿಮ್ಮಮ್ಮನ ಮನೆಗೆ ಮಾತ್ರ ಬೇಡ."

"ಯಾಕೆ ಹೋಗ್ಬಾರ್ದು? ನನ್ನ ಅಂಗಡಿ ಇರೋದು ಅಲ್ಲಿ. ನನ್ನೋರು ಇರೋದು ಅಲ್ಲಿ."

"ಇಲ್ಲೇ ಇದ್ದು ನನ್ನನ್ನ ಬೈತಾ ಇರು. ಅದೇ ಎಷ್ಟೋ ವಾಸಿ."

ಅವಳು ಅವನ ಕೈ ಕೊಡವಿ ಚಿಲಕ ತೆಗೆದಳು. ಒಂದು ಕಾಲು ಹೊರಗಿಟ್ಟೂ ಆಯಿತು.

"ಆ ಅಂಗಡಿ ಈಗ ನಿನ್ನ ತಂಗೀದು ಕಣೇ," ಎಂದ ಗಂಡ. "ಇವಳು ಊರಲ್ಲಿದ್ರೆ ಚಿಕ್ಕವಳ ಕೇಕು ಯಾರು ಕೇಳ್ತಾರೆ, ದೂರ ಎಲ್ಲಾದ್ರೂ ಕರ್ಕೊಂಡು ಹೋಗ್ಬಿಡಿ ಅಂತ ನನ್ನ ಮುಂದೆ ಕೈ ಮುಗಿದು ಅತ್ತದ್ದು ನಿಮ್ಮಮ್ಮ."