ಕೆನ್ನೆಗೆ ಬಾರದ ಅರಿಶಿಣ

ಕಮಲಾಪುರದಲ್ಲಿ ದೊಡ್ಡವ್ವನ ಮಗಳ ಮದುವೆ. ಮದುಮಗಳಿಗೆ ಹಚ್ಚಿ ಉಳಿದ ಅರಿಶಿಣವನ್ನು ದೊಡ್ಡವ್ವ ಸಾಲಾಗಿ ಕುಳಿತ ಹುಡುಗಿಯರ ಕೆನ್ನೆಗೆ ಸವರುತ್ತ ಬಂದಳು. ಹಚ್ಚಿಸಿಕೊಂಡವರಿಗೆ ಬೇಗ ಕಂಕಣಬಲ ಕೂಡಿಬರುತ್ತದಂತೆ. ಎಂಟನೆಯ ಕ್ಲಾಸಿನ ನಾನೂ ಕಣ್ಣು ಮುಚ್ಚಿ ಮುಖವೆತ್ತಿದೆ. ಅರಿಶಿಣದ ಹಸಿ ವಾಸನೆ ಮೂಗಿನ ಹತ್ತಿರ ಬಂದು ನಿಂತುಬಿಟ್ಟಿತು.

“ಮಾರಿ ತುಂಬ ಮೊಡವಿ ಅವ. ಇದೇ ಕೈಲೆ ಉಳಿದ ಹುಡುಗ್ಯಾರಿಗಿ ಹಚ್ಚಬೇಕಲ್ಲ,” ಎಂದಳು ದೊಡ್ಡವ್ವ.

“ಹೌದಕ್ಕಾ, ಕೈಗಿ ಹಚ್ಚು ಸಾಕು,” ಎಂದು ಅವ್ವ ನಕ್ಕಳು. ನನ್ನ ಕೈ ಹಿಡಿದು ಮುಂದೆ ಚಾಚಿದವಳೂ ಅವ್ವನೇ. ತಣ್ಣನೆಯ ಅರಿಶಿಣ ಮುಂಗೈಗೆ ತಾಗಿತು. ಸಾಲಿನಲ್ಲಿ ಹಳದಿಯಾಗದ ಮುಖ ನನ್ನದೊಂದೇ.

ಮೊಡವೆಯ ಕಲೆಗಳು ಮಾಸಿ ವರ್ಷಗಳಾದವು. ಈಗಲೂ ಕಲಬುರಗಿಯಲ್ಲಿ ಯಾರ ಮನೆಗೆ ಹೋದರೂ, ಅರಿಶಿಣದ ಬಟ್ಟಲು ಹತ್ತಿರ ಬರುತ್ತಲೇ ನಾನಾಗಿಯೇ ಮುಂಗೈ ಚಾಚುತ್ತೇನೆ.